ಜನರೇಟರಿನ ಮೊಹರು

ಮಾಲಿನ್ಯ ಮಂಡಳಿಯವರು ನಮ್ಮ ಸೊಸೈಟಿಯ ಡೀಸೆಲ್ ಜನರೇಟರಿಗೆ ಬಟ್ಟೆ ಸುತ್ತಿ ಅರಗಿನ ಮೊಹರು ಹಾಕಿದ ದಿನ ಗಗನಾ ನನ್ನನ್ನು ತಬ್ಬಿಕೊಂಡು ಅತ್ತುಬಿಟ್ಟಳು. ಆ ಜನರೇಟರ್ ಇರುವುದು ಮೊದಲನೆಯ ಮಹಡಿಯ ಅವಳ ಬಾಲ್ಕನಿಯ ಕೆಳಗೇ. ದೆಹಲಿಯ ಪಕ್ಕದ ಈ ಇಂದಿರಾಪುರಂನಲ್ಲಿ ಕರೆಂಟು ಹೋದಾಗಲೆಲ್ಲ ಅದು ಗುಡುಗುತ್ತ ಶುರುವಾಗುತ್ತಿತ್ತು, ಹೊಗೆ ನೇರ ಅವಳ ಮನೆಗೆ ನುಗ್ಗುತ್ತಿತ್ತು. ಅವಳ ಐದು ವರ್ಷದ ಮಗಳು ಮಯೂರಿಗೆ ಉಬ್ಬಸ. ದೀಪಾವಳಿ ಕಳೆದರೆ ಸಾಕು, ಮಗುವಿನ ಮೂಗಿಗೆ ಔಷಧಿಯ ಆವಿ ಕೊಡುವ ನೆಬ್ಯುಲೈಸರ್ ಹಿಡಿದು ಕೂರುವುದೇ ಅವಳ ಕೆಲಸವಾಗುತ್ತಿತ್ತು.

ಶನಿವಾರದ ಭಜನೆಗೆ ಸೇರುವ ನಾವು ಕೆಲವು ಕನ್ನಡದ ಹೆಂಗಸರು, ಭಜನೆ ಮುಗಿದ ಮೇಲೆ ಕೋಸಂಬರಿ ತಿನ್ನುತ್ತ, ದೂರು ಬರೆದೆವು. ಗಾಜಿಯಾಬಾದಿನ ಕಚೇರಿಗೆ ಅಲೆದೆವು, ಅಲ್ಲಿಂದ ಲಖನೌನ ಮುಖ್ಯ ಕಚೇರಿಗೆ ಬರೆದೆವು. ಜನರೇಟರ್ ಬೇಡ, ತಾರಸಿಯ ಮೇಲೆ ಸೋಲಾರ್ ಹಾಕಿ, ಬ್ಯಾಟರಿ ಇಡಿ ಎಂಬುದಷ್ಟೇ ನಮ್ಮ ಕೋರಿಕೆ. ಸೊಸೈಟಿಯ ಅಧ್ಯಕ್ಷ ರಘುನಂದನ್‌ಜೀ ಮಂಜು ಕವಿದ ದಿನಗಳಲ್ಲಿ ನನ್ನನ್ನು ಕಂಡರೆ, "ಅರೇ ಸೂರಜ್‌ವಾಲೀ ಮಾತಾಜಿ, ಆಜ್ ಆಪ್ ಕಾ ಸೂರಜ್ ಛುಟ್ಟೀ ಪರ್ ಹೈ ಕ್ಯಾ?" ಎಂದು, ಇವತ್ತು ನಿಮ್ಮ ಸೂರ್ಯನಿಗೆ ರಜೆಯೇ ಎಂದು ಛೇಡಿಸಿ ನಗುತ್ತಿದ್ದರು. ಹಾಗೆ ನಗುತ್ತಲೇ ನನ್ನ ತರಕಾರಿ ಚೀಲವನ್ನು ಮನೆಯ ಬಾಗಿಲವರೆಗೆ ಹೊತ್ತು ತರುತ್ತಿದ್ದರು ಎಂಬುದನ್ನೂ ಹೇಳಬೇಕು.

ಮೊಹರು ತಾತ್ಕಾಲಿಕವಾಗಿತ್ತು. ಸಂಕ್ರಾಂತಿಯ ನಂತರದ ಗುರುವಾರ ಕೊನೆಯ ವಿಚಾರಣೆ. ನಮ್ಮ ಜನರೇಟರ್ ಖಾಯಮ್ಮಾಗಿ ನಿಂತರೆ ರಾಜ್ಯದ ಉಳಿದ ಸೊಸೈಟಿಗಳಿಗೂ ಅದೇ ಆದೇಶ ಹೊರಡಬಹುದೆಂದು ನೋಯ್ಡಾ, ಮೀರತ್‌ನಿಂದೆಲ್ಲ ಜನ ಫೋನ್ ಮಾಡುತ್ತಿದ್ದರು. ದೂರಿನ ಮೊದಲ ಹೆಸರು ನನ್ನದಾದ್ದರಿಂದ ಮಾತಾಡಬೇಕಾದವಳೂ ನಾನೇ.

ಅಷ್ಟರಲ್ಲಿ ಎಂಟನೆಯ ಮಹಡಿಯ ನಾರಾಯಣಸ್ವಾಮಿಯವರು ಆಸ್ಪತ್ರೆಯಿಂದ ಮನೆಗೆ ಬಂದರು. ಅವರೊಂದಿಗೆ ಆಮ್ಲಜನಕದ ಯಂತ್ರವೂ ಬಂತು. ಹಿಂದೆ ದೆಹಲಿಯ ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿ ನಮ್ಮೆರಡು ಮನೆಗಳ ನಡುವೆ ಒಂದೇ ಗೋಡೆ ಇತ್ತು. ಅವರ ಹೆಂಡತಿ ವಿಜಯಮ್ಮ ಒಗ್ಗರಣೆ ಹಾಕಿದರೆ ನನಗೆ ಗೋಡೆಯ ಈಚೆ ಸೀನು ಬರುತ್ತಿತ್ತು. ನಿವೃತ್ತಿಯ ಮೇಲೆ ಒಟ್ಟಿಗೇ ಇಲ್ಲಿ ಮನೆ ಕೊಂಡವರು ನಾವು.

ಸಂಕ್ರಾಂತಿಯ ಬೆಳಿಗ್ಗೆ ವಿಜಯಮ್ಮ ಎಳ್ಳು ಬೀರಲು ಬಂದರು. ಆರನೆಯ ಮಹಡಿಯ ನನ್ನ ಮನೆಯಲ್ಲಿ ಕುಂಕುಮ ಇಟ್ಟು, ಡಬ್ಬಿ ಕೊಟ್ಟು, ಕೂರದೆ ನಿಂತರು.

"ಕೂತ್ಕೊಳ್ಳಿ ವಿಜಯಮ್ಮ."

"ಕೂರೋಕಾಗಲ್ಲ. ಅವರೊಬ್ಬರೇ ಇದಾರೆ. ಒಂದು ಮಾತು ಹೇಳಿ ಹೋಗ್ತೀನಿ. ಗುರುವಾರ ನೀವು ಹೋಗ್ಬೇಡಿ."

ನಾನು ಡಬ್ಬಿಯನ್ನು ಮೇಜಿನ ಮೇಲಿಟ್ಟೆ.

"ಕರೆಂಟು ಹೋದ್ರೆ ಆ ಯಂತ್ರ ನಿಲ್ಲತ್ತೆ ರತ್ನಮ್ಮ. ಮನೆ ಇನ್ವರ್ಟರ್ ಅದನ್ನ ಸ್ವಲ್ಪ ಹೊತ್ತೂ ಎಳೆಯಲ್ಲ. ದೊಡ್ಡ ಬ್ಯಾಟರಿ ಇಡ್ತೀವಿ ಅಂದ್ರೆ ಬೆಂಕಿ ಹತ್ಕೊಳ್ಳತ್ತೆ ಅಂತ ಸೊಸೈಟಿಯವರು ಬಿಡ್ತಿಲ್ಲ. ನೀವು ಕೇಳೋ ಸೋಲಾರಿಗೂ ಇದೇ ನೆಪ ಹೇಳ್ತಾರೆ, ನೋಡ್ತಿರಿ."

"ಒಂದು ದಾರಿ ಹುಡುಕೋಣ..."

"ನೀವು ಹುಡುಕೋವರೆಗೂ ಉಸಿರು ಹಿಡ್ಕೊಂಡಿರಿ ಅಂತ ಅವರಿಗೆ ಹೇಳ್ಲಾ?"

ಡಬ್ಬಿಯ ಮುಚ್ಚಳ ತೆರೆದೆ. ಎಲ್ಲರಿಗೂ ಕೊಬ್ಬರಿಯನ್ನು ಹೆಚ್ಚಿ ಹಾಕುವ ಅವರು ನನ್ನ ಹಲ್ಲಿನ ಸೆಟ್ಟನ್ನು ನೆನೆದು ನನ್ನ ಪಾಲಿಗೆ ಬೇರೆಯಾಗಿ ತುರಿದಿದ್ದರು. ಬೆಲ್ಲವನ್ನೂ ಪುಡಿ ಮಾಡಿದ್ದರು. ಅಷ್ಟು ಕೋಪದಲ್ಲಿಯೂ ಕೂತು ತುರಿದಿದ್ದಾರಲ್ಲ ಎಂದು ನನ್ನ ಕಣ್ಣು ಮಂಜಾಯಿತು. ಏನಾದರೂ ಹೇಳುವ ಮೊದಲೇ ಫ್ಯಾನಿಲ್ಲದ ಆ ಚಳಿಯ ಮನೆಯಲ್ಲಿ ಫ್ರಿಜ್ಜಿನ ಸದ್ದು ನಿಂತಿತು. ದೇವರ ಮುಂದಿನ ಸಣ್ಣ ಬಲ್ಬು ಆರಿತು.

ವಿಜಯಮ್ಮ ಚಪ್ಪಲಿ ಮೆಟ್ಟದೆ ಓಡಿದರು. ಲಿಫ್ಟ್ ನಿಂತಿತ್ತು. ನಾನು ಕಂಬಿ ಹಿಡಿದು ಅವರ ಹಿಂದೆ ಮೆಟ್ಟಿಲು ಹತ್ತಿದೆ. ಹಿಂದಿನಂತೆ ಕೆಳಗಿನಿಂದ ಆ ಗುಡುಗು ಏಳಲಿಲ್ಲ. ಅದನ್ನು ನಿಲ್ಲಿಸಿದವಳು ನಾನು. ಆದರೂ ನನ್ನ ಕಿವಿ ಅದಕ್ಕಾಗಿಯೇ ಕಾಯುತ್ತಿತ್ತು.

ಯಂತ್ರ ಒಂದೇ ಸಮನೆ ಕೂಗುತ್ತಿತ್ತು. ನಾರಾಯಣಸ್ವಾಮಿಯವರು ಹಾಸಿಗೆಯ ಅಂಚಿನಲ್ಲಿ ಮುಂದಕ್ಕೆ ಬಾಗಿ, ಎರಡೂ ಅಂಗೈಯನ್ನು ಮಂಡಿಗೆ ಊರಿ ಕೂತಿದ್ದರು. ತುಟಿ ನೇರಳೆಯಾಗಿತ್ತು. ವಿಜಯಮ್ಮ ಮೂಲೆಯಲ್ಲಿ ತುರ್ತಿಗಿಟ್ಟ ಸಣ್ಣ ಆಮ್ಲಜನಕದ ಸಿಲಿಂಡರಿನ ತಿರುಪನ್ನು ತಿರುಗಿಸಲು ಹೋದರು, ಅದು ಅಲುಗಲಿಲ್ಲ. ನಾನೂ ಕೈ ಕೊಟ್ಟೆ. ಇಬ್ಬರು ಮುದುಕಿಯರ ಬಲ ಸೇರಿ ಅದು ಕೊನೆಗೂ ತಿರುಗಿತು. ನಳಿಕೆಯನ್ನು ಮೂಗಿಗಿಟ್ಟ ಮೇಲೆ ಅವರ ಬೆನ್ನು ನಿಧಾನವಾಗಿ ನೇರವಾಯಿತು.

"ರತ್ನಮ್ಮನೋರೇ," ಎಂದರು ಸ್ವಲ್ಪ ಹೊತ್ತಾದ ಮೇಲೆ, ಮಾತಿಗೊಮ್ಮೆ ನಿಲ್ಲಿಸುತ್ತ. "ಎಳ್ಳು... ತಗೊಂಡ್ರಾ?"

"ತಗೊಂಡೆ."

"ಹಾಗಾದ್ರೆ... ಇವಳ ಜೊತೆ... ಜಗಳ ಆಡೋ ಹಾಗಿಲ್ಲ." ನಗಲು ಹೋಗಿ ಕೆಮ್ಮಿದರು.

ಸಿಲಿಂಡರ್ ಮುಗಿಯುವ ಮೊದಲು ಕರೆಂಟು ಬಂತು. ವಿಜಯಮ್ಮ ನನ್ನನ್ನು ಮತ್ತೇನೂ ಕೇಳಲಿಲ್ಲ. ಅವರು ಕೇಳಿದ್ದರೆ ನನಗೆ ಹಗುರವಾಗುತ್ತಿತ್ತು. ದೂರು ಬರೆಯುವ ಮುಂಚೆ ನಾವು ಮನೆಮನೆಯ ಬಾಗಿಲು ತಟ್ಟಿ, ಯಾರಿಗೆ ಕೆಮ್ಮು, ಯಾರಿಗೆ ಉಬ್ಬಸ ಎಂದು ಕೇಳಿದ್ದೆವು. ಕರೆಂಟು ಹೋದರೆ ಯಾರ ಉಸಿರು ಹೋಗುತ್ತದೆ ಎಂದು ಕೇಳಬೇಕೆಂದು ಓದಿಕೊಂಡ ನಮ್ಮಲ್ಲಿ ಒಬ್ಬಳಿಗೂ ಹೊಳೆದಿರಲಿಲ್ಲ.

ಗುರುವಾರ ಆಟೋದಲ್ಲಿ ಗಗನಾಗೆ ಹೇಳಿದೆ. "ಬ್ಯಾಟರಿ ಬರೋವರೆಗೂ ಜನರೇಟರ್ ನಡೀಲಿ ಅಂತ ಕೇಳ್ತೀನಮ್ಮ."

ಅವಳು ನನ್ನ ಮುಖವನ್ನೇ ನೋಡಿದಳು. "ಬ್ಯಾಟರಿ ಬರೋವರೆಗೂ ಅಂದ್ರೆ ಯಾವತ್ತಿಗೂ ಅಂತ, ಆಂಟಿ. ನಿಮಗೂ ಗೊತ್ತು."

"ನಾರಾಯಣಸ್ವಾಮಿಯವರು..."

"ಗೊತ್ತು. ಮಯೂರಿ ಈ ತಿಂಗಳು ಒಂದು ಸಲಾನೂ ನೆಬ್ಯುಲೈಸರ್ ಮಾಸ್ಕ್ ಹಾಕ್ಕೊಂಡಿಲ್ಲ. ಅದೂ ನಿಮಗೆ ಗೊತ್ತು."

ಮಂಡಳಿಯ ಕಚೇರಿಯಲ್ಲಿ ಒಂದೇ ಒಂದು ಹೀಟರ್ ಇತ್ತು. ಗಗನಾ ಕುರ್ಚಿಯೊಂದನ್ನು ಎಳೆದು ಅದರ ಮುಂದಿಟ್ಟು, ನನ್ನ ಕಡೆ ನೋಡದೆ, "ಕೂತ್ಕೊಳ್ಳಿ" ಎಂದಳು. ತಾನು ಹೋಗಿ ಕಿಟಕಿಯ ಬಳಿ ನಿಂತಳು.

ಲಖನೌನ ಅಧಿಕಾರಿ ಗೋಡೆಯ ಪರದೆಯ ಮೇಲೆ ಕಾಣಿಸಿಕೊಂಡರು. ನಾನು ಎದ್ದು ನಿಂತು ಎರಡನ್ನೂ ಹೇಳಿದೆ. ಕೆಳಗೆ ಒಂದು ಮಗು ಇದೆ, ಮೇಲೆ ಒಬ್ಬ ರೋಗಿ ಇದ್ದಾರೆ. ಬ್ಯಾಟರಿಗೆ ಒಂದು ಗಡುವು ಕೊಡಿ, ಅಲ್ಲಿಯವರೆಗೆ ಮಾತ್ರ ಜನರೇಟರ್ ನಡೆಯಲಿ, ಅದರ ಹೊಗೆ ಕೊಳವೆಯನ್ನು ತಾರಸಿಯವರೆಗೆ ಎತ್ತಿಸಿ ಎಂದೆ. ಅವರು ತಾಳ್ಮೆಯಿಂದಲೇ ಕೇಳಿದರು.

"ಮಾತಾಜಿ, ಕೊಳವೆ ಎತ್ತಿಸಿ ಎಂದು ಬರೆಯುತ್ತೇನೆ. ಬ್ಯಾಟರಿಯ ಗಡುವು ನನ್ನ ಅಧಿಕಾರದಲ್ಲಿಲ್ಲ. ಇವತ್ತು ನನ್ನ ಮುಂದಿರುವುದು ಒಂದೇ ಪ್ರಶ್ನೆ. ದೂರು ಕೊಟ್ಟವರು ನೀವು. ಮೊಹರು ಇರಲೋ, ತೆಗೆಯಲೋ?"

ಹಿಂದಿನ ಸಾಲಿನಲ್ಲಿ ಮೀರತ್‌ನವರು ಕೂತಿದ್ದರು. ಅವರಲ್ಲೊಬ್ಬ ಮುದುಕರು ಕೈಮುಗಿದ ಹಾಗೆಯೇ ಇದ್ದರು. ನನಗೆ ಯಂತ್ರದ ಕೂಗು ಕೇಳಿಸುತ್ತಿತ್ತು.

"ತೆಗೆಯಿರಿ," ಎಂದೆ.

ರಘುನಂದನ್‌ಜೀ ಕಡೆಯವರು ಚಪ್ಪಾಳೆ ತಟ್ಟಿದರು. "ವಾಹ್ ಮಾತಾಜಿ!" ಎಂದು ಯಾರೋ ಕೂಗಿದರು. ರಘುನಂದನ್‌ಜೀ ಮಾತ್ರ ತಟ್ಟಲಿಲ್ಲ. ಅವರು ಗಗನಾಳನ್ನು ನೋಡಿ ತಲೆ ತಗ್ಗಿಸಿದರು. ಗಗನಾ ಆಗಲೇ ಬಾಗಿಲು ದಾಟಿದ್ದಳು.

ಮುಂದಿನ ವಾರ ಒಂದು ಸಂಜೆ ಕರೆಂಟು ಹೋಯಿತು. ಕೆಳಗಿನಿಂದ ಗುಡುಗು ಎದ್ದಿತು. ಕೊಳವೆಯನ್ನು ಇನ್ನೂ ಯಾರೂ ಮುಟ್ಟಿರಲಿಲ್ಲ. ನಾನು ಶಾಲು ಹೊದ್ದು ಮೊದಲನೆಯ ಮಹಡಿಗೆ ಹೋಗಿ ಗಗನಾಳ ಬಾಗಿಲು ತಟ್ಟಿದೆ. ಅವಳ ಕೈಯಲ್ಲಿ ಒದ್ದೆ ಟವೆಲ್ ಇತ್ತು. ಕಿಟಕಿಯ ಸಂದಿಗೆ ತುರುಕುತ್ತಿದ್ದಳೆಂದು ಕಾಣುತ್ತದೆ. ನಾನು ಎಡವದಿರಲೆಂದು ಹೊಸಿಲ ಹತ್ತಿರವಿದ್ದ ಮಗುವಿನ ಸೈಕಲ್ಲನ್ನು ಕಾಲಿನಿಂದ ಬದಿಗೆ ಸರಿಸಿದಳು.

"ಮಯೂರಿಯನ್ನ ನಮ್ಮನೆಗೆ ಕರ್ಕೊಂಡು ಹೋಗ್ತೀನಿ," ಎಂದೆ. "ಇದು ನಿಲ್ಲೋವರೆಗೆ. ಇನ್ಮೇಲೆ ಪ್ರತಿ ಸಲವೂ. ನೀನೂ ಬಾ."

"ನನಗೆ ಆಫೀಸ್ ಕಾಲ್ ಇದೆ ಆಂಟಿ."

ಮಗುವಿಗೆ ಟೋಪಿ ಹಾಕಿ, ಮಫ್ಲರ್ ಸುತ್ತಿ, ನೆಬ್ಯುಲೈಸರಿನ ಚೀಲದೊಂದಿಗೆ ನನ್ನ ಕೈಗೆ ಕೊಟ್ಟಳು. ನಾವು ಲಿಫ್ಟಿನೊಳಗೆ ಹೋಗುವವರೆಗೂ ಬಾಗಿಲಲ್ಲಿಯೇ ನಿಂತಿದ್ದಳು.

ಮಯೂರಿ ಎದುರಿನ ಗುಂಡಿಗಳನ್ನು ನೋಡುತ್ತಿದ್ದಳು. "ಅಜ್ಜಿ, ಲೈಟ್ ತೋ ಗಯೀ ಥೀ ನಾ? ಫಿರ್ ಲಿಫ್ಟ್ ಕೈಸೇ ಚಲ್ ರಹೀ ಹೈ?"

"ನಿಮ್ಮ ಬಾಲ್ಕನಿ ಕೆಳಗೆ ಒಂದು ಯಂತ್ರ ಇದೆಯಲ್ಲ ಪುಟ್ಟಿ, ಕರೆಂಟು ಹೋದ್ರೂ ಅದು ಲಿಫ್ಟನ್ನ ಎಳೀತಿದೆ."

"ವೋ ಗಂದಾ ವಾಲಾ?"

"ಹೂಂ, ಆ ಗಲೀಜು ಯಂತ್ರವೇ."

ಮಗು ಸ್ವಲ್ಪ ಯೋಚಿಸಿತು. ಆಮೇಲೆ ಒಂದು ಕೈಯಿಂದ ಮಫ್ಲರನ್ನು ಮೂಗಿನ ಮೇಲಕ್ಕೆ ಎಳೆದುಕೊಂಡು, ಇನ್ನೊಂದು ಕೈಯಿಂದ ನನ್ನ ಸೆರಗು ಹಿಡಿದುಕೊಂಡಿತು.