ಮೊಲ್ಲಿಯ ಬೂದು ಬೂಟು

ಜನವರಿಯಲ್ಲಿ ಜರ್ಮನಿಗೆ ಹೊರಟವರು ಏಳು ಜನ. ಬೂಟು ಬಂದದ್ದು ಆರು ಜನರಿಗೆ. ಪೆಟ್ಟಿಗೆಗಳನ್ನು ಬಿಚ್ಚಿ, ಬೂಟಿನ ಮೂಗಿನೊಳಗೆ ತುರುಕಿದ್ದ ಕಾಗದದ ಉಂಡೆಗಳನ್ನು ತೆಗೆದು, ಆರು ಜೋಡಿಗಳನ್ನು ಗೋಡೆಯ ಬುಡದಲ್ಲಿ ಸಾಲಾಗಿ ಇಟ್ಟವಳು ಏಳನೆಯವಳು. ಅವಳೇ ಮೊಲ್ಲಿ, ಕಿನ್ನಿಗೋಳಿ ಕಡೆಯವಳು. ಕುವೈತಿನ ಅಹ್ಮದಿಯ ಪಕ್ಕದ ಆ ಮನೆಯ ಕೆಲಸದಲ್ಲಿ ಅವಳಿಗೆ ನಾಲ್ಕು ವರ್ಷ ತುಂಬಿತ್ತು.

ಹೊರಟದ್ದು ಆ ಮನೆಯ ಅಜ್ಜಿಯ ಮೊಣಕಾಲಿನ ಆಪರೇಷನ್ನಿಗೆ. ಅಜ್ಜಿ ಕಾಲೂರಿ ನಡೆದು ವರ್ಷವಾಗಿತ್ತು, ಗಾಲಿಕುರ್ಚಿಯೇ ಗತಿ. ಆದರೂ ಅವರಿಗೆ ಒಳಗೆಲ್ಲ ಉಣ್ಣೆ ಇರುವ ಚರ್ಮದ ಬೂಟು ಬಂದಿತ್ತು. ಆ ಕುರ್ಚಿಯನ್ನು ಹೋಟೆಲಿನಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಹೋಟೆಲಿಗೆ ಮೂರು ವಾರ ತಳ್ಳಬೇಕಾದವಳಿಗೆ ಮಾತ್ರ ಏನೂ ಇಲ್ಲ. ನಡೆಯದ ಕಾಲಿಗೆ ಬೂಟು, ಇಬ್ಬರ ನಡಿಗೆಯನ್ನು ನಡೆಯುವ ಕಾಲಿಗೆ ಬರಿಯ ಕ್ಯಾನ್ವಾಸು.

"ನಿನ್ನ ಹತ್ತಿರ ಬಿಳಿ ಶೂ ಇದೆಯಲ್ಲ," ಎಂದಳು ಯಜಮಾನಿ. ಅವಳಿಗೆ ಮೊಲ್ಲಿಗಿಂತ ಹತ್ತು ವರ್ಷ ಕಡಿಮೆ. ಆದರೂ ಮೊಲ್ಲಿ ಅವಳನ್ನು ಮಾಮಾ ಎಂದೇ ಕರೆಯಬೇಕು. ತನಗಿಂತ ಚಿಕ್ಕವಳನ್ನು ಹೀಗೆ ಅಮ್ಮಾ ಎಂದು ಕರೆಯುವುದು ಆ ಊರಿನಲ್ಲಿ ಕೆಲಸದ ಒಂದು ಭಾಗ, ಪಾತ್ರೆ ತೊಳೆದ ಹಾಗೆ.

ಆ ಬಿಳಿ ಶೂ ಮೊಲ್ಲಿಯ ಚರ್ಚಿನ ಶೂ. ಅಡಿ ಸವೆದು ಸ್ಲೇಟಿನ ಹಾಗೆ ನುಣುಪಾಗಿತ್ತು. ಅವಳ ಚಿಕ್ಕಮ್ಮನ ಮಗಳು ಮರ್ಸಿ ಬೇರೊಂದು ಮನೆಯವರ ಜೊತೆ ಹಿಂದಿನ ಚಳಿಗಾಲ ಲಂಡನ್ನಿಗೆ ಹೋಗಿದ್ದಳು. ಅವಳೂ ಅಂಥದ್ದೇ ಶೂ ಹಾಕಿಕೊಂಡು ಮಂಜುಗಟ್ಟಿದ ಫುಟ್‌ಪಾತಿನ ಮೇಲೆ ಕಾಲಿಟ್ಟಿದ್ದಳು. ಮಣಿಕಟ್ಟು ಮುರಿಯಿತು. ವಾಪಸು ಬಂದ ವಾರಕ್ಕೇ "ಖಲಾಸ್" ಎಂದರು. ಪ್ಲಾಸ್ಟರ್ ಹಾಕಿದ ಕೈಯಲ್ಲೇ ಮಂಗಳೂರಿನ ವಿಮಾನ ಹತ್ತಿಸಿದರು.

ಮೊಲ್ಲಿಯ ಪಾಸ್‌ಪೋರ್ಟು ವೀಸಾ ಕೊಡಿಸಿದ ಯಜಮಾನನ, ಅಂದರೆ ಕಫೀಲನ, ಕಪಾಟಿನಲ್ಲಿತ್ತು, ಇಕಾಮಾ ಎಂಬ ವಾಸದ ಪರವಾನಗಿ ಕಫೀಲನ ಹೆಸರಿನಲ್ಲಿತ್ತು. ಮೂಳೆಗಳಷ್ಟೇ ಅವಳ ಸ್ವಂತ. ಅವುಗಳನ್ನು ಸರಿಯಾಗಿ ಹಿಂದಕ್ಕೆ ತರಬೇಕು ಎಂದು ಅವಳು ನಿರ್ಧರಿಸಿದಳು.

ಶುಕ್ರವಾರ ಅರ್ಧ ದಿನ ರಜೆ. ಚರ್ಚಿನ ಪೂಜೆ ಮುಗಿಸಿ ಫಹಾಹೀಲಿನಲ್ಲಿ ಮಂಗಳೂರಿನ ಪುತ್ತಬ್ಬ ಕೆಲಸ ಮಾಡುವ ಚಪ್ಪಲಿ ಅಂಗಡಿಗೆ ಹೋದಳು. ಜುಮಾ ನಮಾಜು ಮುಗಿಸಿ ಬಂದ ಪುತ್ತಬ್ಬ ಆಗತಾನೇ ಶಟರ್ ಎತ್ತಿದ್ದರು.

"ಎಂತ ಬಾಯಮ್ಮ, ಎಲ್ಲಿಯಾದ್ರೂ ಮದುವೆ ಉಂಟಾ? ಹೀಲ್ಸ್ ತೋರಿಸ್ಬೇಕಾ?"

"ಮದುವೆ ಅಲ್ಲ ಪುತ್ತಬ್ಬಾಕ. ಐಸಿನ ಮೇಲೆ ನಡೀಲಿಕ್ಕೆ ಶೂ ಬೇಕು."

"ಕುವೈತಿನಲ್ಲಿ ಐಸಾ? ನಿಮ್ಮ ಮಾಮಾ ಎಸಿ ಎಷ್ಟರಲ್ಲಿ ಇಡ್ತಾರೆ ಮಾರಾಯ್ತಿ?"

ಅಂಗಡಿಯ ಸ್ಟೂಲಿನ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದ ರಾಯಪ್ಪ ಜೋರಾಗಿ ನಕ್ಕರು. ಗದಗಿನ ಕಡೆಯವರು, ಮೀನಾ ಅಲ್ ಅಹ್ಮದಿಯ ತೈಲ ಬಂದರಿನಲ್ಲಿ ಒಬ್ಬ ಗುತ್ತಿಗೆದಾರನ ಯಾರ್ಡಿನ ಸುರಕ್ಷತಾ ಮೇಲ್ವಿಚಾರಕರು. ಮನೆಯಲ್ಲಿ ಮಕ್ಕಳು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದರಿಂದ, ಕನ್ನಡದಲ್ಲಿ ಜಗಳ ಆಡುವುದಕ್ಕೆಂದೇ ಅವರು ಪ್ರತಿ ಶುಕ್ರವಾರ ಪುತ್ತಬ್ಬರ ಅಂಗಡಿಗೆ ಬರುತ್ತಿದ್ದರು.

ಮೊಲ್ಲಿ ವಿಷಯ ಹೇಳಿದಳು. ಮರ್ಸಿಯ ಕೈ ಮುರಿದದ್ದನ್ನೂ ಹೇಳಿದಳು. ರಾಯಪ್ಪ ಚಹಾದ ಲೋಟ ಕೆಳಗಿಟ್ಟರು.

"ಅದಕ್ಯಾಕ ಇಷ್ಟು ವಿಚಾರ ಮಾಡ್ತೀ ತಂಗಿ? ಸೇಫ್ಟಿ ಶೂ ತಗೋ. ನಮ್ಮ ಯಾರ್ಡಿನ್ಯಾಗ ಎಲ್ಲಾರೂ ಅದನ್ನ ಹಾಕ್ತಾರ. ಒಳಗ ಸ್ಟೀಲ್ ಐತಿ. ಮ್ಯಾಲೆ ಎಷ್ಟು ಭಾರ ಬಿದ್ರೂ ಬೆರಳಿಗೆ ಏನೂ ಆಗಂಗಿಲ್ಲ."

"ಸಾರ್, ಅವಳ ಮೇಲೆ ಎಂತದೂ ಬೀಳುದಿಲ್ಲ," ಎಂದರು ಪುತ್ತಬ್ಬ. "ಬೀಳುದು ಅವಳೇ."

"ಅಡಿ ನೋಡ್ರಿ ಇದರದ್ದು!" ರಾಯಪ್ಪ ತಮ್ಮ ಕಾಲಿನ ಶೂ ಎತ್ತಿ ತೋರಿಸಿದರು. "ಎಣ್ಣಿ ಮ್ಯಾಲೆ ಸುದ್ದಾ ಜಾರಂಗಿಲ್ಲ. ನಮ್ಮ ಗೇಟಿನ್ಯಾಗ ಬೋರ್ಡ್ ಹಾಕೇವಿ, ಅಪಘಾತ ಇಲ್ಲದ ದಿನ ಎರಡು ಸಾವಿರದ ನೂರಾ ಹನ್ನೊಂದು. ಸುಮ್ನ ಆಗತೈತೇನು?"

ಪುತ್ತಬ್ಬ ಶೆಲ್ಫಿನ ಕಡೆ ತಿರುಗಿದರು. ಕುವೈತಿಗೆ ಬರುವ ಮೊದಲು ಅವರು ಹದಿನಾಲ್ಕು ವರ್ಷ ಮಂಗಳೂರಿನ ಬಂದರಿನ ಧಕ್ಕೆಯಲ್ಲಿ ಮೀನಿನ ಬುಟ್ಟಿ ಹೊತ್ತವರು. ಹಿಮ ಬೀಳುವುದನ್ನು ಒಮ್ಮೆಯೂ ಕಂಡವರಲ್ಲ. ಆದರೆ ಐಸ್ ಫ್ಯಾಕ್ಟರಿಯಿಂದ ಬಂದ ಗಡ್ಡೆಗಳ ಮೇಲೆ, ಪುಡಿ ಐಸಿನ ಮೇಲೆ, ಕರಗಿ ನೀರು ನಿಂತ ಐಸಿನ ಮೇಲೆ ತಲೆಯಲ್ಲಿ ಬುಟ್ಟಿ ಇಟ್ಟುಕೊಂಡು ಓಡಿದವರು. ಯಾವ ಅಡಿ ಕಚ್ಚುತ್ತದೆ, ಯಾವುದು ಕೈಕೊಡುತ್ತದೆ ಎಂಬುದನ್ನು ಅವರ ಸೊಂಟ ಬಲ್ಲದು.

ಅವರು ಒಂದೊಂದೇ ಶೂ ತೆಗೆದು ಅಡಿಗೆ ಉಗುರು ಒತ್ತಿ ನೋಡಿದರು. "ಚರ್ಮದ ಅಡಿ ಬೇಡವೇ ಬೇಡ. ಪ್ಲಾಸ್ಟಿಕ್ ಬೇಡ. ಉಗುರು ಒತ್ತಿದ್ರೆ ಕೂರ್ಬೇಕು, ಅಂಥ ರಬ್ಬರ್ ಬೇಕು. ಹಲ್ಲು ಆಳ ಉಂಟಾ ನೋಡ್ಬೇಕು. ಹಿಮ್ಮಡಿ ಅಗಲ ಇರ್ಬೇಕು. ದಪ್ಪ ಕಾಲುಚೀಲ ಹಾಕಿದ ಮೇಲೂ ಬೆರಳು ಆಡ್ಬೇಕು." ಕೊನೆಗೆ ಏಣಿ ಹತ್ತಿ ಅಟ್ಟದಿಂದ ಎರಡು ಜೋಡಿ ಬೂಟಿದ್ದ ಒಂದು ಹಳೆಯ ಪೆಟ್ಟಿಗೆ ಇಳಿಸಿ, ಚಿಕ್ಕ ಜೋಡಿಯನ್ನು ಹೊರತೆಗೆದರು. ಮೂರು ವರ್ಷದ ಹಿಂದೆ ಬೇರೆ ಮಾಲಿನ ಜೊತೆ ತಪ್ಪಿ ಬಂದದ್ದು, ಮರುಭೂಮಿಯಲ್ಲಿ ಯಾರೂ ಮೂಸಿರಲಿಲ್ಲ. ಬೂದು ಬಣ್ಣ, ಉರುಟು ಮೂಗು, ಕಣಕಾಲಿನ ಮೇಲಿನವರೆಗೆ ಎತ್ತರ. ಅಡಿ ಮಾತ್ರ ಟ್ರ್ಯಾಕ್ಟರಿನ ಟಯರು.

"ಅಯ್ಯೋ ದೇವರೇ, ಆನೆಮರಿಯ ಕಾಲಿನ ಹಾಗೆ ಉಂಟು," ಎಂದಳು ಮೊಲ್ಲಿ.

"ಆನೆ ಬಿದ್ದದ್ದು ಎಲ್ಲಿಯಾದ್ರೂ ಕೇಳಿದ್ದೀರಾ?"

"ಇದು ಚಪ್ಪಲಿ ವ್ಯಾಪಾರ, ಸೇಫ್ಟಿ ಅಲ್ಲ," ಎಂದರು ರಾಯಪ್ಪ. "ಯಾವುದಕ್ಕೂ ಟೆಸ್ಟ್ ಅಂತ ಒಂದು ಇರಬೇಕ್ರಿ."

"ಹೌದು ಸಾರ್, ಬನ್ನಿ. ಬರುವ ಶುಕ್ರವಾರ ಮೀನು ಮಾರ್ಕೆಟಿನ ಹಿಂದೆ. ನಿಮ್ಮ ಶೂ ನನಗೆ ಮುಂಚೆಯೇ ಕೊಡಿ. ಎಲ್ಲದನ್ನೂ ಐಸ್ ಪೆಟ್ಟಿಗೆಯಲ್ಲಿ ಇಡುದುಂಟು. ಈ ಊರಿನಲ್ಲಿ ಎಲ್ಲ ಶೂ ಮೆತ್ತಗೇ ಇರ್ತದೆ. ಅಲ್ಲಿ ಹೋಗಿ ಕಲ್ಲಾದ್ರೆ?"

ಮುಂದಿನ ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಫಹಾಹೀಲಿನ ಮೀನು ಮಾರುಕಟ್ಟೆಯ ಹಿಂಬದಿಯಲ್ಲಿ ಜನ ಸೇರಿತ್ತು. ಪುತ್ತಬ್ಬರ ಪರಿಚಯದ ಬಂಗಾಳಿ ಮೀನುಗಾರರು ಬಾಗಿಲಿನಷ್ಟು ಅಗಲದ ಐಸ್ ಗಡ್ಡೆಗಳನ್ನು ನೆಲದ ಮೇಲೆ ಜೋಡಿಸಿ ಮೇಲೆ ನೀರು ಚಿಮುಕಿಸಿದ್ದರು. ಮೂರು ಜೋಡಿ ಶೂಗಳು ನಸುಕಿನಿಂದ ಸುರ್ಮಾಯಿ ಮೀನುಗಳ ನಡುವೆ ಪ್ಲಾಸ್ಟಿಕ್ ಚೀಲದಲ್ಲಿ ಮಲಗಿದ್ದವು.

ಬಿಳಿ ಕ್ಯಾನ್ವಾಸಿಗೆ ಪರೀಕ್ಷೆ ಬರೆಯುವ ಅಗತ್ಯವೇ ಬೀಳಲಿಲ್ಲ. ಮೊಲ್ಲಿ ಒಂದು ಕಾಲು ಇಟ್ಟಳು. ಅದು ಅವಳನ್ನು ಬಿಟ್ಟು ತಾನೊಂದೇ ಮುಂದೆ ಹೋಯಿತು. ಇಬ್ಬರು ಹಿಡಿದುಕೊಂಡರು.

"ಸರೀರಿ, ಈಗ ನೋಡ್ರಿ," ಎಂದು ರಾಯಪ್ಪ ತಮ್ಮ ಸೇಫ್ಟಿ ಶೂ ಕಟ್ಟಿಕೊಂಡರು. ಲೇಸನ್ನು ಎರಡು ಸಲ ಪರಿಶೀಲಿಸಿದರು. ಪಕ್ಕದಲ್ಲಿದ್ದವರಿಗೆ ಎರಡು ಹೆಜ್ಜೆ ಹಿಂದೆ ನಿಲ್ಲಲು ಹೇಳಿದರು. ಎದೆ ಎತ್ತಿ, ಯಾರ್ಡಿನಲ್ಲಿ ತಪಾಸಣೆಗೆ ಹೊರಟವರಂತೆ ಐಸಿನ ಮೇಲೆ ನಡೆದರು. ಒಂದು ಹೆಜ್ಜೆ ಸರಿಯಾಗಿತ್ತು. ಎರಡನೆಯದು ಎಲ್ಲಿ ಹೋಯಿತೆಂದು ಯಾರಿಗೂ ತಿಳಿಯಲಿಲ್ಲ. ಎಣ್ಣೆಗೂ ಬಿಸಿಗೂ ಎಂದು ಮಾಡಿದ ಆ ಗಟ್ಟಿ ಅಡಿ ಐಸ್ ಪೆಟ್ಟಿಗೆಯಲ್ಲಿ ಮರದ ಹಲಗೆಯಾಗಿತ್ತು. ರಾಯಪ್ಪ ಕುಳಿತ ಭಂಗಿಯಲ್ಲೇ ಗಡ್ಡೆಯ ಆ ತುದಿಯವರೆಗೆ ಜಾರಿ, ಸಿಗಡಿಯ ಬುಟ್ಟಿಗೆ ಒರಗಿ ಅಲ್ಲೇ ಉಳಿದರು.

"ಬೆರಳಿಗೆ ಏನಾದ್ರೂ ಆಯ್ತಾ ಸಾರ್?" ಎಂದು ಪುತ್ತಬ್ಬ ಬಹಳ ಕಾಳಜಿಯಿಂದ ಕೇಳಿದರು.

"ಬೆರಳಿಗೇನೂ ಆಗಿಲ್ಲ," ಎಂದರು ರಾಯಪ್ಪ, ಹಿಂದೆ ಸವರಿಕೊಳ್ಳುತ್ತ.

"ಹಾಗಾದ್ರೆ ಬೋರ್ಡು ಇವತ್ತಿನಿಂದ ಒಂದರಿಂದ ಶುರು."

ಮೊಲ್ಲಿ ಬೂದು ಬೂಟು ಹಾಕಿಕೊಂಡಳು. ಪುತ್ತಬ್ಬ ಪಕ್ಕದಲ್ಲಿ ನಡೆದು ತೋರಿಸಿದರು. "ಗತ್ತಿನಿಂದ ನಡೀಬಾರ್ದು ಬಾಯಮ್ಮ. ಬಾತುಕೋಳಿ ನೋಡಿದ್ದೀರಲ್ಲ? ಪಾದ ಹೊರಗೆ, ಮಂಡಿ ಸ್ವಲ್ಪ ಮಡಚಿ, ಸಣ್ಣ ಸಣ್ಣ ಹೆಜ್ಜೆ, ಪಾದ ಪೂರ್ತಿ ಕೆಳಗೆ." ಅವಳು ಹೋದಳು, ತಿರುಗಿದಳು, ಬಂದಳು. ಕೈಯಲ್ಲಿ ಮೀನಿನ ಬುಟ್ಟಿ ಹಿಡಿದು ಮತ್ತೊಮ್ಮೆ ಹೋಗಿ ಬಂದಳು. ಬಂಗಾಳಿಗಳು ಚಪ್ಪಾಳೆ ತಟ್ಟಿದರು.

ಅಷ್ಟಕ್ಕೆ ಮುಗಿಯಬೇಕಿತ್ತು. ಆದರೆ ಕೆಲಸದವಳ ಬ್ಯಾಗಿಗೆ ಬೀಗ ಇರುವುದಿಲ್ಲ. ಹೊರಡಲು ಎರಡು ದಿನ ಇರುವಾಗ ಮಾಮಾ ಆ ಬೂಟನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದಳು.

"ಇದೇನು? ಮೀನಿನ ವಾಸನೆ!"

"ಪರೀಕ್ಷೆ ಪಾಸಾದ ಬೂಟು, ಮಾಮಾ. ನಾನೇ ಕೊಂಡದ್ದು."

"ಇದನ್ನು ಹಾಕಿಕೊಂಡು ನಮ್ಮ ಜೊತೆ ಬರುತ್ತೀಯಾ? ಜನ ನೋಡುತ್ತಾರೆ. ಬ್ಯಾಗಿನಲ್ಲಿ ಮಕ್ಕಳ ಕೋಟಿಗೆ ಜಾಗ ಬೇಕು. ಬಿಳಿಯದೇ ಸಾಕು. ಯಲ್ಲಾ, ಬೇಗ ತೆಗೆದಿಡು."

ಮೊಲ್ಲಿ ವಾದ ಮಾಡಲಿಲ್ಲ. ಸೋಫಾದ ಮುಂದೆ ನಿಂತು ಆಡಿದ ಮಾತು ಯಾವತ್ತೂ ಸೋಫಾದ ಕಡೆಗೇ ತೀರ್ಪಾಗುತ್ತದೆ ಎಂಬುದನ್ನು ಅವಳು ನಾಲ್ಕು ವರ್ಷದಲ್ಲಿ ಕಲಿತಿದ್ದಳು. ಮಾತನ್ನು ನೆಲಕ್ಕೆ ಇಳಿಸಬೇಕಿತ್ತು. ಅತಿಥಿಗಳು ಬಂದಾಗ ಇಡೀ ಕುರಿಯನ್ನು ಅನ್ನದ ಮೇಲೆ ಮಲಗಿಸಿ ತರುವ ದೊಡ್ಡ ಅಲ್ಯುಮಿನಿಯಂ ತಟ್ಟೆಗಳು ಅಡುಗೆಮನೆಯಲ್ಲಿದ್ದವು. ಅವಳು ಎರಡರಲ್ಲಿ ನೀರು ತುಂಬಿ ಉದ್ದದ ಫ್ರೀಜರಿನೊಳಗೆ ಇಟ್ಟಳು.

ಮರುದಿನ ಬೆಳಿಗ್ಗೆ ಅಂಗಳದ ಟೈಲ್ಸಿನ ಮೇಲೆ ಎರಡು ಹಾಳೆ ಐಸು ಹೊಳೆಯುತ್ತಿತ್ತು. ಪಕ್ಕದಲ್ಲಿ ಗಾಲಿಕುರ್ಚಿ. ಕುರ್ಚಿಯಲ್ಲಿ ಅಜ್ಜಿಯ ಬದಲು ಒಂದು ಬಾಸ್ಮತಿ ಅಕ್ಕಿ ಮೂಟೆ, ಮೈಮೇಲೆ ಅಜ್ಜಿಯದೇ ಶಾಲು. ಮಕ್ಕಳು ಕಿರುಚಿಕೊಂಡು ಓಡಿಬಂದರು. ಅಜ್ಜಿ ಬಾಗಿಲ ಬಳಿಯ ದಿವಾನದಲ್ಲಿ ಕುಳಿತು ಕತ್ತು ಉದ್ದ ಮಾಡಿದರು. ಮಾಮಾ ತನ್ನ ಹೊಸ ಬೂಟನ್ನು ಮನೆಯೊಳಗೆ ಹಾಕಿ ಅಭ್ಯಾಸ ಮಾಡುತ್ತಿದ್ದಳು. ಕುಚ್ಚು, ತುಪ್ಪಳ, ಬೆರಳುದ್ದದ ಹಿಮ್ಮಡಿ.

"ಇದೆಂಥ ಹುಚ್ಚು?"

"ಜರ್ಮನಿ, ಮಾಮಾ. ಹೇಗಿರುತ್ತದೆ ಎಂದು ನೋಡಲಿಕ್ಕೆ. ಒಮ್ಮೆ ತಳ್ಳಿ ನೋಡಿ."

ಮಕ್ಕಳು "ಯಲ್ಲಾ, ಯಲ್ಲಾ" ಎಂದು ಕೂಗಿದರು. ಮಕ್ಕಳ ಮುಂದೆ ಹಿಂಜರಿಯುವ ಹೆಂಗಸಲ್ಲ ಅವಳು. ನಗುತ್ತಲೇ ಹಿಡಿಕೆ ಹಿಡಿದು ಐಸಿನ ಮೇಲೆ ಕಾಲಿಟ್ಟಳು. ಹಿಮ್ಮಡಿ ಒಂದು ಕಡೆ ಹೋಯಿತು, ಕುರ್ಚಿ ಇನ್ನೊಂದು ಕಡೆ. ಹಿಂದೆ ಬೂದು ಬೂಟಿನಲ್ಲಿ ನಿಂತಿದ್ದ ಮೊಲ್ಲಿ ಎರಡು ಬಾತುಕೋಳಿ ಹೆಜ್ಜೆ ಹಾಕಿ ಮಾಮಾಳನ್ನು ಸೊಂಟದಲ್ಲಿ ಹಿಡಿದಳು. ಕುರ್ಚಿಯನ್ನು ಹಿಡಿಯುವವರು ಯಾರೂ ಇರಲಿಲ್ಲ. ಅದು ಗೋಡೆಗೆ ಬಡಿದು ಮಗುಚಿತು. ಮೂಟೆ ಒಡೆದು ಅಕ್ಕಿ ಅಂಗಳದ ತುಂಬ ಹರಡಿತು.

ಅಜ್ಜಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಅಕ್ಕಿಯ ಮೇಲೆ ಬಿದ್ದಿದ್ದ ತಮ್ಮ ಶಾಲನ್ನು ನೋಡಿದರು. ನಗು ನಿಂತಿತು.

"ಅದು ನಾನು," ಎಂದರು.

ಮಾಮಾ ಮೊಲ್ಲಿಯ ತೋಳಿನಿಂದ ಬಿಡಿಸಿಕೊಂಡು, ಮೊದಲು ಅವಳ ಬೂಟನ್ನು, ಆಮೇಲೆ ತನ್ನದನ್ನು ನೋಡಿದಳು. "ನಮ್ಮಿಬ್ಬರದೂ ಒಂದೇ ಸೈಜು ಅಲ್ಲವೇ? ಅದನ್ನು ನನಗೆ ಕೊಡು. ಇದನ್ನು ನೀನು ಹಾಕಿಕೋ. ಇದು ಎಷ್ಟು ಚಂದ ಇದೆ ನೋಡು."

ಮಂಗಳೂರಿನ ವಿಮಾನವೂ ಮರ್ಸಿಯ ಪ್ಲಾಸ್ಟರೂ ಮೊಲ್ಲಿಯ ಕಣ್ಣ ಮುಂದೆ ಬಂದವು. ಆದರೂ ಅವಳು ಬಗ್ಗಿ ಕುರ್ಚಿಯನ್ನು ಎತ್ತಿ ನಿಲ್ಲಿಸಿ, ಅದರ ಹಿಡಿಕೆಯನ್ನು ಮಾಮಾಳ ಕಡೆಗೆ ತಿರುಗಿಸಿದಳು.

"ಕೊಡುತ್ತೇನೆ ಮಾಮಾ. ಇದನ್ನೂ ತೆಗೆದುಕೊಳ್ಳಿ. ಬೂಟು ಹಾಕಿದವರು ತಳ್ಳಲಿ."

ಮಾಮಾ ಹಿಡಿಕೆಯನ್ನು ನೋಡಿದಳು. ಕೈ ಮುಂದೆ ಬರಲಿಲ್ಲ.

"ಖಲಾಸ್," ಎಂದರು ಅಜ್ಜಿ ಬಾಗಿಲಿನಿಂದ. ಆ ಮನೆಯಲ್ಲಿ ಈ ಮಾತು ಸಾಮಾನ್ಯವಾಗಿ ಕೆಲಸದವರಿಗೆ ಹೇಳುವಂಥದ್ದು. ಈ ಸಲ ಸೊಸೆಗೆ ಹೇಳಿದ್ದರು. "ಬೂಟು ಮೊಲ್ಲಿಯ ಕಾಲಿನಲ್ಲೇ ಇರಲಿ. ನನ್ನ ಹೊಸ ಮೊಣಕಾಲು ಅವಳ ಕೈಯಲ್ಲಿದೆ. ನೀನು ಬೇರೆ ಕೊಂಡುಕೋ."

ಸಂಜೆ ಆ ಮನೆಯ ಡ್ರೈವರ್ ಪುತ್ತಬ್ಬರ ಅಂಗಡಿಗೆ ಬಂದ. ಅಟ್ಟದ ಪೆಟ್ಟಿಗೆಯಲ್ಲಿ ಉಳಿದದ್ದು ಒಂದೇ ಜೋಡಿ, ಗಂಡಸರ ನಲವತ್ತಮೂರು. ಅದನ್ನೇ ಒಯ್ದ.

ಹತ್ತು ದಿನದ ನಂತರ ಅಂಗಡಿಯ ಫೋನು ಬಡಿಯಿತು. ರಾಯಪ್ಪ ಸ್ಟೂಲಿನ ಮೇಲೆ ದಿಂಬು ಹಾಕಿಕೊಂಡು ಕುಳಿತಿದ್ದರು.

"ಯಾರು, ಬಾಯಮ್ಮನಾ? ಬಿದ್ರಾ?"

"ಇಲ್ಲ ಪುತ್ತಬ್ಬಾಕ!" ಮೊಲ್ಲಿಯ ದನಿ ಉಲ್ಲಾಸದಲ್ಲಿತ್ತು. "ಅಜ್ಜಿಗೆ ಆಪರೇಷನ್ ಆಯ್ತು. ಇಲ್ಲಿ ಫುಟ್‌ಪಾತ್ ಎಲ್ಲ ಕನ್ನಡಿ. ಮಾಮಾನ ಬೂಟು ದೋಣಿಯ ಹಾಗೆ ಉಂಟು. ಮೂಗಿಗೆ ಕಾಗದ ತುರುಕಿ ಕೊಟ್ಟಿದ್ದೇನೆ, ಮೂರು ಕಾಲುಚೀಲ ಹಾಕ್ತಾರೆ. ಆದ್ರೂ ಧೈರ್ಯ ಇಲ್ಲ. ನಾನು ಎಲ್ಲಿ ಕಾಲಿಡ್ತೇನೆ ನೋಡಿ, ಅಲ್ಲೇ ಕಾಲಿಡ್ತಾರೆ. ಅವರ ಹಿಂದೆ ಮಕ್ಕಳು, ಅವರ ಹಿಂದೆ ಯಜಮಾನ ಬಾಬಾ. ಎಲ್ಲರೂ ಬಾತುಕೋಳಿ!"

"ಹಾಗಾದ್ರೆ ಮುಂದೆ ಯಾರು?"

"ನಾನೇ. ನಾಲ್ಕು ವರ್ಷದಲ್ಲಿ ಮೊದಲ ಸಲ," ಎಂದಳು ಮೊಲ್ಲಿ. "ನಾನು ನಿಂತ್ರೆ ಎಲ್ಲರೂ ನಿಲ್ತಾರೆ. ಬೇಕಂತ್ಲೇ ಎರಡು ಸಲ ನಿಂತು ನೋಡಿದೆ."

ಪುತ್ತಬ್ಬ ನಕ್ಕು ರಿಸೀವರನ್ನು ರಾಯಪ್ಪರ ಕಡೆ ಚಾಚಿದರು. "ಮಾತಾಡಿ ಸಾರ್."

"ಆರಾಮ ಬಾ ತಂಗಿ," ಎಂದರು ರಾಯಪ್ಪ, ದಿಂಬಿನ ಮೇಲೆ ಮೆಲ್ಲಗೆ ಸರಿದು ಕುಳಿತು. "ಇಲ್ಲಿ ನನ್ನ ಬೋರ್ಡಿನ್ಯಾಗ ಹದಿನೈದನೇ ದಿನ."