ಒಡೆಯರ ದೇವರು

ಕಿಟಕಿಯ ಗಾಜಿನಲ್ಲಿ ತನ್ನದೇ ಮುಖ, ಅದರಾಚೆ ಸುರಂಗದ ಕತ್ತಲು, ಎಂಆರ್‌ಟಿ ರೈಲು ಸೆರಂಗೂನಿನತ್ತ ಓಡುತ್ತಿದೆ, ಪಕ್ಕದವನು ಫೋನಿನಲ್ಲಿ ಹೊಸ ಕಾಂಡೋ ಫ್ಲ್ಯಾಟ್ ಬುಕ್ ಮಾಡುತ್ತಿದ್ದಾನೆ, ಮೈತ್ರೇಯಿಯ ಕಿವಿಯಲ್ಲಿ ಮಾತ್ರ ಇನ್ನೂ ಕ್ಲಾಸಿನ ಆ ಪ್ರಶ್ನೆ — ಇಷ್ಟು ವರ್ಷ ಸಾಹಿತ್ಯ ಪಾಠ ಮಾಡಿದವಳು ಇವತ್ತು ಗಂಟೆ ಹೊಡೆಯುವ ಮೊದಲೇ ಪುಸ್ತಕ ಮುಚ್ಚಿದಳಲ್ಲ. ಇವತ್ತಿನ ಪಾಠದ ಕವಯಿತ್ರಿ, ಆಫ್ರಿಕಾದಿಂದ ಹಡಗಿನಲ್ಲಿ ತಂದು ಅಮೆರಿಕದಲ್ಲಿ ಗುಲಾಮಳಾಗಿ ಮಾರಿದ ಆ ಪುಟ್ಟ ಹುಡುಗಿ, ಒಡೆಯರ ಭಾಷೆ ಕಲಿತು, ಒಡೆಯರ ದೇವರಿಗೇ ಕೃತಜ್ಞತೆ ಹೇಳಿ ಪದ್ಯ ಬರೆದಳು, ಅದು ಮುಖವಾಡ, ಒಳಗೆ ಸಿಟ್ಟಿದೆ ಎಂದು ತಾನು ವಿವರಿಸುತ್ತಿದ್ದಾಗ ಹಿಂದಿನ ಸಾಲಿನ ಅದ್ವಿಕಾ ಕೈಯೆತ್ತಿ ಅಂದಳು, ಅವಳು ನಿಜವಾಗಿಯೇ ನಂಬಿದ್ದಳೇನೋ, ಅವಳನ್ನು ಯಾರಾದರೂ ಕೇಳಿದರಾ? ಕೇಳಿದರಾ, ಕೇಳಿದರಾ, ಚಕ್ರಗಳೂ ಅದನ್ನೇ ಅನ್ನುತ್ತಿವೆ — ಮನೆಗೆಲಸಕ್ಕೆಂದು ಮನಿಲಾದಿಂದ ಬಂದ ಮಾರಿಸೆಲ್‌ಳನ್ನು ತಾನು ಕೇಳಿದ್ದುಂಟೇ, ಬೆಳಗ್ಗೆ ಕಾಫಿ ಲೋಟ ಇಡುತ್ತ ಅವಳು, ಮ್ಯಾಮ್, ಸಂಡೇ ಐ ಗೋ ಚರ್ಚ್, ಕ್ಯಾನ್? ಅತ್ತೆ ಭಾಗೀರಥಿ ದೇವರ ಗೂಡಿನ ಮುಂದಿನಿಂದಲೇ, ಬೇಡಮ್ಮ, ಹೊರಗೆ ಬಿಟ್ರೆ ಫ್ರೆಂಡ್ಸ್ ಸೇರ್ಕೊಂಡು ತಲೆ ಕೆಡಿಸ್ತಾರೆ, ಇಲ್ಲೇ ಕೂತು ಬೇಡ್ಕೊಳ್ಳಲಿ, ತಾನೂ ಪೇಪರಿನಿಂದ ತಲೆ ಎತ್ತದೆ, ಮುಂದಿನ ತಿಂಗಳು ನೋಡೋಣ ಎಂದರೆ ಅವಳು ನಗುತ್ತ, ಥ್ಯಾಂಕ್ಯೂ ಮ್ಯಾಮ್. ಯಾವುದಕ್ಕೆ ಥ್ಯಾಂಕ್ಯೂ? ಆ ನಗು ಮುಖವಾಡವಾದರೆ ಅವಳಿಗೆ ತನ್ನನ್ನು ಕಂಡರೆ ಭಯ, ನಿಜವಾದರೆ — ಅಯ್ಯೋ, ನಿಜವಾದರೆ ಇನ್ನೂ ಕಷ್ಟ. ಅವಳ ಪಾಸ್‌ಪೋರ್ಟ್ ತನ್ನ ಬೀರುವಿನಲ್ಲಿ, ಒಡವೆ ಡಬ್ಬಿಯ ಕೆಳಗೆ, ಕಾಂಡೋದಲ್ಲಿ ಎಲ್ಲರೂ ಹಾಗೇ ಇಟ್ಟುಕೊಳ್ಳುತ್ತಾರೆ, ಎಲ್ಲರೂ — ಆ ಹುಡುಗಿಯನ್ನು ಕೊಂಡವರೂ ಹೀಗೇ ಅಂದುಕೊಂಡಿದ್ದರೇನೋ, ಒಳ್ಳೆಯವರು, ಅಕ್ಷರ ಕಲಿಸಿದವರು. ಸ್ಟೇಷನ್, ಲಿಫ್ಟ್, ಮನೆ ಬಾಗಿಲು, ಯಾಕಮ್ಮ ಮುಖ ಸಪ್ಪಗಿದೆ ಎನ್ನುವ ಅತ್ತೆಯನ್ನು ದಾಟಿ ನೇರ ಬೀರು, ಪಾಸ್‌ಪೋರ್ಟ್, ಅಡುಗೆಮನೆ — ಮಾರಿಸೆಲ್, ತಗೋ, ಇದು ನಿನ್ನದು, ಈ ಸಂಡೇ — ಮಾತು ಮುಗಿಯುವ ಮೊದಲೇ ಅವಳ ಕೈಯ ಪಾತ್ರೆ ಸಿಂಕಿಗೆ ಬಿತ್ತು, ಮುಖ ಬಿಳಿಚಿತು, ಮ್ಯಾಮ್, ಸೆಂಡ್ ಮಿ ಹೋಮ್? ನೋ ಚರ್ಚ್, ಮ್ಯಾಮ್, ಐ ಡೋಂಟ್ ಗೋ, ಮ್ಯಾಮ್ ವೆರಿ ಗುಡ್, ಥ್ಯಾಂಕ್ಯೂ, ಥ್ಯಾಂಕ್ಯೂ — ಇಲ್ಲ, ನಿನ್ನನ್ನು ಕಳಿಸುತ್ತಿಲ್ಲ, ಚರ್ಚಿಗೆ ಹೋಗು ಅನ್ನುತ್ತಿದ್ದೇನೆ, ಕೇಳಿಲ್ಲಿ, ಎಂದು ಮೈತ್ರೇಯಿ ಭುಜ ಹಿಡಿದರೂ ಅವಳಿಗೆ ಕೇಳಿಸುತ್ತಿಲ್ಲ, ಕಣ್ಣು ಬಿಗಿಯಾಗಿ ಮುಚ್ಚಿದ್ದಾಳೆ, ದನಿ ನಿಂತಿದೆ, ತುಟಿ ಮಾತ್ರ ಅಲುಗುತ್ತಿದೆ, ಅವಳ ದೇವರಿಗೋ ತನಗೋ, ಸದ್ದಿಲ್ಲದ ಆ ತುಟಿ, ಬೇಡುತ್ತಿದೆಯೋ ಹೊಗಳುತ್ತಿದೆಯೋ, ತುಟಿ, ಅಲುಗುತ್ತಲೇ ಇದೆ ಆ ತುಟಿ