ಹೊರಗೆ ಕೂತವಳು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಗಾದೆ ಕಟ್ಟಿದವನು ಗಂಡಸೇ ಇರಬೇಕು. ಹೆಂಗಸಾಗಿದ್ದರೆ ಎರಡು ಮಕ್ಕಳನ್ನು ಸೆರಗಿಗೆ ಜೋತುಹಾಕಿಕೊಂಡು ಬಿ.ಎ. ಓದಿ ನೋಡು ಎಂದೂ ಸೇರಿಸುತ್ತಿದ್ದಳು. ಸುಭದ್ರಾ ಮದುವೆಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಒಂದೇ ವರ್ಷದಲ್ಲಿ ನೋಡುತ್ತಿದ್ದಳು.

ನಾಂಪಲ್ಲಿ ಸ್ಟೇಷನ್ನಿನ ಹಿಂದಿನ ವಠಾರವೊಂದರಲ್ಲಿ ಎರಡು ಕೋಣೆ, ಹಿಂದೆ ಒಂದು ತಗಡಿನ ಪಡಸಾಲೆ. ಅಷ್ಟರಲ್ಲಿ ಸುಭದ್ರಾ, ಸರಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಗಂಡ ಪ್ರಹ್ಲಾದ, ಅತ್ತೆ ಗಂಗೂಬಾಯಿ, ಆರು ವರ್ಷದ ನಲಿನಿ, ಮೂರು ವರ್ಷದ ರಾಘು. ವಠಾರದ ಮಾಲಕನ ಮಗನಿಗೆ ಲಗ್ನ ಗೊತ್ತಾಗಿತ್ತು. ದಸರೆಯೊಳಗೆ ಜಾಗ ಖಾಲಿ ಮಾಡಿ ಎಂದಿದ್ದ. ಲಿಂಗಂಪಲ್ಲಿಯಲ್ಲಿ ಕೊಂಡ ಪ್ಲಾಟಿನಲ್ಲಿ ಮನೆ ಏಳುತ್ತಿತ್ತು. ಏಳುತ್ತಿತ್ತು ಅನ್ನುವುದು ಬಾಯಿಮಾತು, ಬುನಾದಿ ಮುಗಿದು ಮೊಣಕಾಲೆತ್ತರದ ಕಟ್ಟೆಯಾಗಿತ್ತು ಅಷ್ಟೇ. ಪ್ರಹ್ಲಾದನಿಗೆ ರಜೆ ಸಿಗುತ್ತಿರಲಿಲ್ಲ. ಹೀಗಾಗಿ ವಾರಕ್ಕೆ ನಾಲ್ಕು ದಿನ ಬೆಳಗಿನ ಪ್ಯಾಸೆಂಜರ್ ಗಾಡಿ ಹತ್ತುವುದು, ಕಟ್ಟೆಗೆ ಬಿಂದಿಗೆಯಲ್ಲಿ ನೀರು ಹೊತ್ತು ಸುರಿಯುವುದು, ಸಿಮೆಂಟಿಗೆ ಮಣ್ಣು ಬೆರೆಸಬೇಡಿ ಎಂದು ಮೇಸ್ತ್ರಿಯ ಜತೆ ಹರುಕುಮುರುಕು ತೆಲುಗಿನಲ್ಲಿ ಜಗಳಾಡುವುದು, ಎಲ್ಲ ಸುಭದ್ರಾಳ ಪಾಲಿಗೆ ಬಂದಿತ್ತು. ಮಧ್ಯಾಹ್ನ ಮನೆಗೆ ಬಂದರೆ ಮಕ್ಕಳ ಕಿರಿಕಿರಿ, ಸಂಡಿಗೆ, ಹಪ್ಪಳ, ಒಗೆಯುವ ಬಟ್ಟೆ. ಬೇಸಿಗೆ ರಜೆ ಬೇರೆ.

ಇದರ ನಡುವೆ ಓಪನ್ ಯೂನಿವರ್ಸಿಟಿಯ ಬಿ.ಎ. ಕೊನೆಯ ವರ್ಷ, ಅದೂ ತೆಲುಗಿನಲ್ಲಿ. ಅವಳು ಗುಲಬರ್ಗಾದಲ್ಲಿ ಕನ್ನಡದಲ್ಲಿ ಮ್ಯಾಟ್ರಿಕ್ ಮಾಡಿದವಳು. ತೆಲುಗು ಅಕ್ಷರವನ್ನು ಮದುವೆಯಾದ ಮೇಲೆ ಅಂಗಡಿಗಳ ಬೋರ್ಡು ಓದಿ ಕಲಿತಿದ್ದಳು. ಅವಸರದಲ್ಲಿ ಕೈ ತಾನಾಗಿ ಕನ್ನಡದ ತಲೆಕಟ್ಟು ಹಾಕಿಬಿಡುತ್ತಿತ್ತು. ಆದರೂ ಎರಡು ವರ್ಷ ಪಾಸಾಗಿದ್ದಳು, ಅದೇನು ಸಣ್ಣ ಮಾತಲ್ಲ.

ಹಾಗಾದರೆ ಈ ಹೆಂಗಸು ಓದುವುದು ಯಾವಾಗ ಎಂದು ನೀವು ಕೇಳಬಹುದು. ಅದಕ್ಕೆ ಉತ್ತರ ಗಂಗೂಬಾಯಿಯ ಮಡಿಯಲ್ಲಿತ್ತು. ಆ ಮನೆಯಲ್ಲಿ ತಿಂಗಳಿಗೆ ಮೂರು ದಿನ ಸೊಸೆ ಹೊರಗೆ ಕೂಡಬೇಕು. ಹಿಂದಿನ ಪಡಸಾಲೆಯಲ್ಲಿ ಚಾಪೆ, ಬೇರೆ ತಾಟು, ಬೇರೆ ತಂಬಿಗೆ. ಒಲೆ ಮುಟ್ಟುವಂತಿಲ್ಲ, ನೀರು ತುಂಬುವಂತಿಲ್ಲ, ಲಿಂಗಂಪಲ್ಲಿಗೂ ಹೋಗುವಂತಿಲ್ಲ. ರಾಘು ಓಡಿಬಂದರೆ ಅತ್ತೆ ಒಳಗಿನಿಂದಲೇ "ಮುಟ್ಟಬ್ಯಾಡೋ ಮಂಗ್ಯಾ!" ಎಂದು ಚೀರುತ್ತಿದ್ದರು. ಬೇರೆ ಹೆಂಗಸರು ಶಪಿಸುವ ಆ ಮೂರು ದಿನ ಸುಭದ್ರಾಳಿಗೆ ದೇವರು ಕೊಟ್ಟ ರಜೆ. ಬೆಳಗಿನಿಂದ ಸಂಜೆಯವರೆಗೆ ಯಾರೂ ಏನೂ ಕೇಳುವುದಿಲ್ಲ. ಆ ತಗಡಿನ ಕೆಳಗೆ ಬೆವರುತ್ತ ಕೂತು ಅವಳು ಎರಡು ವರ್ಷದ ಪರೀಕ್ಷೆ ದಾಟಿದ್ದಳು.

ಆ ವರ್ಷ ಯುಗಾದಿ ಕಳೆದ ಮೇಲೆ ಮುಟ್ಟು ಬರಲಿಲ್ಲ.

ಎರಡು ಹೆತ್ತವಳಿಗೆ ಬೇರೆಯವರು ಹೇಳಬೇಕೇ? ಮೂರನೆಯ ದಿನಕ್ಕೇ ಗೊತ್ತಾಯಿತು. ಗೊತ್ತಾದ ಕೂಡಲೇ ಸಂತೋಷವಾಗಲಿಲ್ಲ. ನಲಿನಿ ಹೊಟ್ಟೆಯಲ್ಲಿದ್ದಾಗ ಟೀಚರ್ ಟ್ರೇನಿಂಗು ನಿಂತಿತ್ತು. ರಾಘು ಇದ್ದಾಗ ಮೊದಲ ಸಲ ಸೇರಿದ ಬಿ.ಎ. ನಿಂತಿತ್ತು. ಗಂಗೂಬಾಯಿ ಕೆಟ್ಟವರಲ್ಲ, ಬಸುರಿ ಸೊಸೆಗೆ ಬೇಡಿದ್ದು ಮಾಡಿ ಉಣಿಸುವವರು. ಆದರೆ ಬಸುರಿಯಾದವಳು ಕಣ್ಣು ದಣಿಸಬಾರದು ಎಂದು ಪುಸ್ತಕಗಳನ್ನು ಅವರೇ ಕಟ್ಟಿ ಅಟ್ಟದ ಮೇಲಿಡುತ್ತಿದ್ದರು. ಈ ಸಲ ಅಷ್ಟಕ್ಕೇ ಮುಗಿಯುವಂತಿರಲಿಲ್ಲ. ಮನೆಯೊಡತಿ ಬಸುರಿಯಿದ್ದಾಗ ಹೊಸ ಮನೆಯ ಬಾಗಿಲು ನಿಲ್ಲಿಸಬಾರದು ಎಂಬುದು ಅವರ ಪಾಲಿಗೆ ಕಲ್ಲಲ್ಲಿ ಕೊರೆದ ಮಾತು. ಬಾಗಿಲಿನ ಚೌಕಟ್ಟು ನಿಲ್ಲದೆ ಗೋಡೆ ಏಳುವುದಿಲ್ಲ. ಪುರೋಹಿತ ರಾಮದಾಸಾಚಾರ್ಯರು ಗಂಡಹೆಂಡತಿಯ ನಕ್ಷತ್ರ ನೋಡಿ ಜ್ಯೇಷ್ಠದ ಕೊನೆಯ ಗುರುವಾರ ಮುಹೂರ್ತ ಕೊಟ್ಟಿದ್ದರು. ಅದು ತಪ್ಪಿದರೆ ಆಷಾಢ, ಆಮೇಲೆ ಅವರ ಪಂಚಾಂಗದಲ್ಲಿ ದಸರೆಯ ತನಕ ಒಂದೂ ದಿನವಿಲ್ಲ.

ದಿನ ದಾಟಿ ಐದಾಗಿತ್ತು. ಸುಭದ್ರಾ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು.

"ಯಾಕವಾ, ಈ ಸರ್ತಿ ಭಾಳ ಮುಂದ ಹೋತಲ್ಲ?" ಎಂದರು ಗಂಗೂಬಾಯಿ.

"ಇಲ್ರಿ ಅತ್ಯಾ, ಇವತ್ತ ಆಗೇದ" ಎಂದುಬಿಟ್ಟಳು ಸುಭದ್ರಾ.

"ಆಗೇದ? ಮತ್ತ ಒಲಿ ಯಾಕ ಮುಟ್ಟಿದಿ? ಅಯ್ಯ ರಾಮ ರಾಮ! ಎಲ್ಲಾ ಮೈಲಿಗಿ ಮಾಡಿಟ್ಲು! ನಡಿ, ಹೊರಗ ನಡಿ!"

ಬಾಯಿಂದ ಜಾರಿದ ಸುಳ್ಳು ಅವಳನ್ನು ಚಾಪೆಯ ಮೇಲೆ ಕೂರಿಸಿತು. ಕೂತ ಮೇಲೆ ಪುಸ್ತಕ ತೆಗೆದಳು. ಮೂರು ದಿನದಲ್ಲಿ ಎರಡು ಅಧ್ಯಾಯ ಓದಿದಳು ಎಂದರೆ ನೀವು ಬೈಯುತ್ತೀರಿ. ಅವಳೂ ತನ್ನನ್ನು ಬೈದುಕೊಂಡಳು, ಬೈದುಕೊಳ್ಳುತ್ತಲೇ ಓದಿದಳು.

ಮುಂದಿನ ಭಾನುವಾರ ಲಿಂಗಂಪಲ್ಲಿಯ ಕಟ್ಟೆಯ ಮೇಲೆ ಗಂಡನಿಗೆ ಹೇಳಿದಳು. ಪ್ರಹ್ಲಾದ ಮೊದಲು ನಕ್ಕ, ಆಮೇಲೆ ಕೆಳಗೆ ಬಿದ್ದ ಇಟ್ಟಿಗೆಗಳನ್ನು ನೋಡಿದ.

"ಅವ್ವಗ ಹೇಳಿದ್ರ ಕೆಲಸ ನಿಂತಂಗ" ಎಂದ.

"ಅದಕ್ಕ ಹೇಳಿಲ್ಲ. ಬಾಗಲಾ ನಿಂತ ಮರುದಿನ ನಾನೇ ಹೇಳ್ತೀನಿ. ಅಷ್ಟರಾಗ ನನ್ನ ಪರೀಕ್ಷಾನೂ ಹತ್ರ ಬಂದಿರ್ತದ."

"ತಿಂಗಳಾ ತಿಂಗಳಾ ಹೊರಗ ಕೂತು ನಾಟಕ ಮಾಡ್ತೀ?"

"ಮತ್ತೇನು ಮಾಡ್ಲಿ, ನೀವ ಹೇಳ್ರಿ."

"ನೀರಿನ ಕೊಡ ಮಾತ್ರ ಎತ್ತಬ್ಯಾಡ" ಎಂದ. ಆದರೆ ಎತ್ತುವುದಕ್ಕೆ ಬೇರೆ ಯಾರನ್ನೂ ಗೊತ್ತು ಮಾಡಲಿಲ್ಲ.

ಎರಡನೆಯ ತಿಂಗಳೂ ಕೂತಳು. ಈ ಸಲ ಸುಳ್ಳು ನೆಟ್ಟಗೆ ಬಂತು, ದಿನ ತಪ್ಪಲಿಲ್ಲ. ವಾಂತಿ ಬಂದರೆ ಬಿಸಿಲು ಎಂದಳು. ರಾಘು ಮಡಿಲಿಗೆ ಹಾರಿದರೆ ಹೊಟ್ಟೆಗೆ ಕೈ ಅಡ್ಡ ಹಿಡಿದಳು. ಒಮ್ಮೊಮ್ಮೆ ಗಾಡಿಯ ಕಿಟಕಿಗೆ ತಲೆಯಾನಿಸಿ, ಬಂದದ್ದು ಹೆಣ್ಣೋ ಗಂಡೋ, ಪಾಪ ಇದಕ್ಕೆ ಇನ್ನೂ ಯಾರೂ ಬಾ ಅಂದಿಲ್ಲವಲ್ಲ ಎಂದು ಕಣ್ಣು ಒರೆಸಿಕೊಂಡಳು. ಗುರುವಾರ ಒಂದು ದಾಟಲಿ, ಮನೆಯೆಲ್ಲ ಕರೆದು ಹೇಳುತ್ತೇನೆ ಎಂದು ಅದಕ್ಕೆ ಮಾತು ಕೊಟ್ಟಳು.

ಮೂರನೆಯ ಸಲ ಕೂತದ್ದು ಮುಹೂರ್ತದ ವಾರವೇ. ಭಾನುವಾರ ಕೂತರೆ ಬುಧವಾರ ಸ್ನಾನ, ಗುರುವಾರಕ್ಕೆ ಶುದ್ಧ ಎಂದು ಲೆಕ್ಕ ಹಾಕಿಯೇ ಕೂತಿದ್ದಳು. ಪರೀಕ್ಷೆಗೆ ಹನ್ನೊಂದು ದಿನವಿತ್ತು.

ಸೋಮವಾರ ಮಧ್ಯಾಹ್ನ ಸೊಂಟದಲ್ಲಿ ನೋವು ಸುರುವಾಯಿತು. ಕೂತು ಕೂತು ಬಂದದ್ದಿರಬೇಕು ಎಂದು ಮಗ್ಗುಲಾದಳು. ನೋವು ಕಿಬ್ಬೊಟ್ಟೆಗೆ ಇಳಿಯಿತು. ಒಳಗೆ ಗಂಗೂಬಾಯಿ ಮಡಿಯುಟ್ಟು ನೈವೇದ್ಯಕ್ಕೆ ಅಡುಗೆ ಮಾಡುತ್ತಿದ್ದರು.

"ಅತ್ಯಾ" ಎಂದು ಕೂಗಿದಳು. "ಹೊಟ್ಟಿ ಭಾಳ ನೋಯ್ಲಿಕತ್ತದ."

"ಎರಡನೇ ದಿನ ಅಲ್ಲೇನು, ನೋಯ್ತದವಾ. ಓಮದ ನೀರು ಕೊಟ್ಟು ಕಳಸ್ತೀನಿ, ತಡಿ."

ನಲಿನಿ ಲೋಟವನ್ನು ದೂರದಲ್ಲಿಟ್ಟು ಹಿಂದೆ ಸರಿದಳು. ಅಜ್ಜಿ ಕಲಿಸಿದಂತೆ ಅವ್ವನ ನೆರಳನ್ನೂ ತುಳಿಯಲಿಲ್ಲ. ಸುಭದ್ರಾ ಏಳಲು ಹೋದಳು. ಕಾಲ ನಡುವೆ ಬಿಸಿಯಾಗಿ ಇಳಿದದ್ದು ಚಾಪೆಗೆ ಹರಡಿತು. ಜೀವ ಹೋದಂತೆ ಕಿರುಚಿದಳು. "ಅತ್ಯಾ, ಬರ್ರಿ! ರಕ್ತ ಹೋಗ್ಲಿಕತ್ತದ!"

"ಹೊರಗ ಕೂತಾಕಿಗೆ ರಕ್ತ ಹೋಗದ ಮತ್ತೇನು ಹೋಗ್ತದ? ಮಡೀಲಿದ್ದೀನಿ, ಒದರಬ್ಯಾಡ ಸುಮ್ನ ಮಲಕೋ."

"ಅತ್ಯಾ, ನಾ ಬಸುರಿ ಇದ್ದೀನ್ರಿ! ಮೂರು ತಿಂಗಳದ್ದು!"

ಒಳಗೆ ಸೌಟಿನ ಸದ್ದು ನಿಂತಿತು. "ಏನು ಬಡಬಡಸ್ತೀ? ಹೊರಗ ಕೂತಾಕಿ ಬಸುರಿ ಹ್ಯಾಂಗ ಆಗ್ತೀ? ಜ್ವರಾ ಏನರ ಬಂದದ ಏನು ನಿನಗ?"

ಅದನ್ನು ತಿಳಿಸಿ ಹೇಳುವಷ್ಟು ಶಕ್ತಿ ಅವಳಿಗಿರಲಿಲ್ಲ. ಎಷ್ಟು ಹೊತ್ತು ಹಾಗೆ ಬಿದ್ದಿದ್ದಳೋ. "ಅಜ್ಜೀ, ಅವ್ವನ ಸೀರಿ ಎಲ್ಲಾ ತೋಯ್ದದ, ನೆಲಾನೂ" ಎಂದು ನಲಿನಿ ಅಳುತ್ತ ಒಳಗೋಡಿದ ಮೇಲೆ ಗಂಗೂಬಾಯಿ ಹೊಸ್ತಿಲಿಗೆ ಬಂದರು. ನೋಡಿದರು. ಮಡಿಸೀರೆಯಲ್ಲೇ ಚಾಪೆಯ ಮೇಲೆ ಕುಕ್ಕರಿಸಿ ಸೊಸೆಯ ತಲೆಯನ್ನು ತೊಡೆಗೆ ಎಳೆದುಕೊಂಡರು. ಹದಿಮೂರು ವರ್ಷ ವಿಧವೆಯಾಗಿ ಮಡಿ ಬಿಡದ ಹೆಂಗಸು ವಠಾರವೆಲ್ಲ ಕೇಳುವಂತೆ ಬೊಬ್ಬೆ ಹೊಡೆದರು.

"ಗುರುಬಾಯೀ! ಓಡಿ ಬಾರವಾ, ನನ್ನ ಸೊಸಿ ಹೋಗ್ತಾಳ!"

ಎದುರು ಮನೆಯ ಗುರುಬಾಯಿ ಲಿಂಗಾಯತರ ಹೆಂಗಸು, ಮುಟ್ಟುಚಟ್ಟು ಸೂತಕ ಗೊತ್ತಿಲ್ಲದ ಮನೆತನ. ಬಂದವಳೇ ಸುಭದ್ರಾಳನ್ನು ಎರಡೂ ಕೈಯಲ್ಲಿ ಎತ್ತಿದಳು. "ಇಷ್ಟೊತ್ತು ಏನು ನೋಡಾಕತ್ತಿದ್ರಿ ಬಾಯಾರ? ಜೀವ ಐತಿ ಇನ್ನ, ಆಟೋ ಕರೀರಿ!"

ನರ್ಸಿಂಗ್ ಹೋಮಿನಲ್ಲಿ ಡಾಕ್ಟರಮ್ಮ ಎಷ್ಟು ತಿಂಗಳು ಎಂದು ತೆಲುಗಿನಲ್ಲಿ ಕೇಳಿದಳು. ಮೂರಕ್ಕೆ ಎರಡು ದಿನ ಕಡಿಮೆ ಎಂದು ಸುಭದ್ರಾ ಹೇಳಿದ್ದನ್ನು ಗಂಗೂಬಾಯಿ ಪಕ್ಕದಲ್ಲೇ ನಿಂತು ಕೇಳಿದರು. ಅರ್ಧ ತಾಸು ಕಳೆದು ಡಾಕ್ಟರಮ್ಮ ಕೈ ತೊಳೆದುಕೊಂಡು ಹೊರಗೆ ಬಂದಳು. ತಾಯಿ ಉಳಿದಳು, ಕೂಸು ಉಳಿಯಲಿಲ್ಲ. ಕೊಡ ಎತ್ತಿದ್ದಕ್ಕೆ ಹೀಗಾಯಿತೇ ಎಂದು ಪ್ರಹ್ಲಾದ ಸಂಜೆ ಕೇಳಿದ. ಹೇಳಲಿಕ್ಕೆ ಬರುವುದಿಲ್ಲ ಎಂದಳು ಡಾಕ್ಟರಮ್ಮ.

ಮಂಗಳವಾರ ಮನೆಗೆ ಕರೆತಂದರು. ಮತ್ತೆ ಅದೇ ಪಡಸಾಲೆ, ಹೊಸ ಚಾಪೆ. ಗಂಗೂಬಾಯಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಂದು ಮಾರು ದೂರದಲ್ಲಿ ಕೂತರು.

"ಎರಡು ಸರ್ತಿ ಸುಳ್ಳೇ ಕೂತಿ" ಎಂದರು. "ಮೂರನೇ ಸರ್ತಿ ಖರೇ ಅಂತ ನನಗ ಹ್ಯಾಂಗ ತಿಳೀಬೇಕಿತ್ತವಾ? ನೀ ಕರದಿ. ನಾ ಓಮದ ನೀರು ಕಳಿಸಿದೆ."

ಸುಭದ್ರಾ ಗೋಡೆಯ ಕಡೆ ಮಗ್ಗುಲಾದಳು. ಅತ್ತೆಯ ಮೇಲೆ ಸಿಟ್ಟು ಮಾಡೋಣವೆಂದರೆ ಸಿಟ್ಟಿಗೆ ಜಾಗವೇ ಇರಲಿಲ್ಲ. ಕೂಗಿದರೂ ಕೇಳಿಸದ ಹಾಗೆ ಎರಡು ತಿಂಗಳಿಂದ ಅವಳೇ ತಯಾರಿ ಮಾಡಿದ್ದಳು. ತಲೆದಿಂಬಿನ ಪಕ್ಕ ಪುಸ್ತಕವಿತ್ತು, ಯಾರೂ ಅಟ್ಟಕ್ಕೆ ಏರಿಸಿರಲಿಲ್ಲ. ಓದಲು ಬೇಕಾದಷ್ಟು ಹೊತ್ತಿತ್ತು. ಒಂದು ಸಾಲೂ ತಲೆಗೆ ಹೋಗಲಿಲ್ಲ. ವಠಾರದಲ್ಲಿ ಯಾರೂ ಮಾತಾಡಿಸಲು ಬರಲಿಲ್ಲ. ಹೋಗುವ ತನಕ ಇತ್ತು ಎಂದೇ ಗೊತ್ತಿಲ್ಲದ ಕೂಸಿಗೆ ಹೋಯಿತೆಂದು ಅಳುವವರು ಯಾರು?

ಬುಧವಾರ ಸಂಜೆ ರಾಮದಾಸಾಚಾರ್ಯರು ಬಂದರು. ನಡುಮನೆಯಲ್ಲಿ ಪಂಚಾಂಗ ಬಿಡಿಸಿ ಕೂತರು. ಬಾಗಿಲು ತೆರೆದಿತ್ತು, ಪಡಸಾಲೆಯಲ್ಲಿ ಮಲಗಿದ್ದ ಸುಭದ್ರಾಳಿಗೆ ಎಲ್ಲ ಕೇಳಿಸುತ್ತಿತ್ತು.

"ಇಂಥದ್ದಕ್ಕ ಹತ್ತು ದಿನದ ಮೈಲಿಗಿ ಇಲ್ಲ, ಪ್ರಹ್ಲಾದರಾವ್" ಎಂದರು ಆಚಾರ್ಯರು. "ಗರ್ಭಕ್ಕ ಎಷ್ಟು ತಿಂಗಳೋ ತಾಯಿಗೆ ಅಷ್ಟು ದಿನ. ಎಷ್ಟಾಗಿತ್ತು?"

"ಮೂರು" ಎಂದ ಪ್ರಹ್ಲಾದ. "ಸೋಮವಾರ, ಮಂಗಳವಾರ, ಇವತ್ತು. ನಾಳೆ ಬೆಳಿಗ್ಗೆ ಎರಕೊಂಡ್ರ ಶುದ್ಧ ಅಲ್ಲೇನ್ರಿ? ಹತ್ತೂವರೆ ಮುಹೂರ್ತ ಸಿಗ್ತದ. ಮೇಸ್ತ್ರಿಗೆ ಚೌಕಟ್ಟು ತರಲಿಕ್ಕೆ ಹೇಳೀನಿ. ಈಗೇನು ಅಡ್ಡಿ ಉಳದಿಲ್ಲ."

ಅವನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಎರಡು ದಿನದಿಂದ ಅವನೂ ಸರಿಯಾಗಿ ಉಂಡಿರಲಿಲ್ಲ. ಆದರೆ ಸುಭದ್ರಾಳ ಕಿವಿಯಲ್ಲಿ ಆ ಒಂದು ಮಾತೇ ಉಳಿಯಿತು. ಅಡ್ಡಿ. ಅಡ್ಡಿ ಎಂದೇ ತಾನೂ ಅದನ್ನು ಮುಚ್ಚಿಟ್ಟದ್ದು.

ಗೋಡೆ ಹಿಡಿದು ಎದ್ದಳು. ಬಾಗಿಲ ಹೊರಗೆ ನಿಂತು "ನಾಲ್ಕು" ಎಂದಳು.

ಪ್ರಹ್ಲಾದ ತಿರುಗಿ ನೋಡಿದ. "ಏನು ನಾಲ್ಕು?"

"ನಾಲ್ಕು ತಿಂಗಳಾಗಿತ್ರಿ."

"ಸುಭದ್ರಾ, ಡಾಕ್ಟರ ಮುಂದ ನೀನೇ..." ಎಂದು ಅವನು ದನಿ ತಗ್ಗಿಸಿದ. "ನಾಲ್ಕಂದ್ರ ನಾಳೆನೂ ಮೈಲಿಗಿ. ಬಾಗಲಾ ನಿಲ್ಲೂದಿಲ್ಲ. ಮಾಲಕ ದಸರಾಕ್ಕ ಹೊರಗ ಹಾಕ್ತಾನ. ವಿಚಾರ ಮಾಡಿ ಹೇಳು."

"ವಿಚಾರ ಮಾಡೇ ಹೇಳ್ಲಿಕತ್ತೀನಿ. ನಾಲ್ಕು."

ಆಚಾರ್ಯರು ಗಂಡನ ಮುಖ ನೋಡಿದರು, ಹೆಂಡತಿಯ ಮುಖ ನೋಡಿದರು, ಏನೂ ತಿಳಿಯದೆ ಗಂಗೂಬಾಯಿಯ ಕಡೆ ತಿರುಗಿದರು. ಸೊಸೆಯ ದಿನಗಳನ್ನು ಆ ಮನೆಯಲ್ಲಿ ಎಣಿಸುತ್ತ ಬಂದವರು ಅವರೇ. ಕೊನೆಯ ನಿಜವಾದ ಸ್ನಾನ ಯಾವ ತಿಥಿ, ಯಾವ ವಾರ ಎಂದು ಕೇಳಿದರೆ ನಿದ್ದೆಯಲ್ಲೂ ಹೇಳುವವರು. ಅವರು ಕೂತಲ್ಲೇ ಸೊಸೆಯನ್ನು ಒಂದು ಗಳಿಗೆ ನೋಡಿದರು.

"ನಾಲ್ಕೇ" ಎಂದರು.

"ಅವ್ವಾ, ನಿನಗೂ ಗೊತ್ತದ..."

"ಬಾಯಿ ಮುಚ್ಚೋ!" ಎಂದು ಗಂಗೂಬಾಯಿ ಗದರಿದರು. "ಹೆತ್ತಾಕಿ ಹೇಳ್ಲಿಕತ್ತಾಳ. ಹೆತ್ತಾಕಿಗಿಂತ ನಿನಗ ಹೆಚ್ಚು ಗೊತ್ತದ ಏನು?"

ಹೆತ್ತಾಕಿ ಎಂಬ ಮಾತು ಕೇಳಿ ಸುಭದ್ರಾ ಹೊಸ್ತಿಲ ಹೊರಗೆ ಕುಸಿದು ಕೂತಳು. ಮೂರು ದಿನದಿಂದ ಬಾರದಿದ್ದ ಅಳು ಬಂತು, ವಠಾರಕ್ಕೆಲ್ಲ ಕೇಳಿಸುವಷ್ಟು ದೊಡ್ಡದಾಗಿ ಬಂತು. ಯಾರೂ ಅವಳನ್ನು ಸುಮ್ಮನಿರು ಅನ್ನಲಿಲ್ಲ. ಆಚಾರ್ಯರು ಪಂಚಾಂಗ ಮಡಚಿ ಎದ್ದರು, ಪ್ರಹ್ಲಾದ ಮೇಸ್ತ್ರಿಗೆ ಬರಬೇಡವೆಂದು ಹೇಳಲು ಚಪ್ಪಲಿ ಮೆಟ್ಟಿ ಹೊರಟ.